ಹೊತ್ತು ಕಡಿತವೋ, ಬಾಯಿಕುಕ್ಕೆಯೋ, ನೆನೆಸಿದ ಹುಲ್ಲೋ? ದಪ್ಪಗಾದ ಕುದುರೆಯ ಮೇಲೆ ಮೂರನ್ನೂ ಮಾಡಿ ನೋಡಿದೆ

ನನ್ನ ಹೆಣ್ಣುಕುದುರೆ ಚಂದ್ರಿಯ ಪಕ್ಕೆಯ ಮೇಲೆ ಅಂಗೈ ಒತ್ತಿ ಎಳೆದರೂ ಒಂದು ಎಲುಬು ಬೆರಳಿಗೆ ಸಿಗುತ್ತಿರಲಿಲ್ಲ. ಜೂಲಿನ ಬುಡದಲ್ಲಿ ಕತ್ತಿನುದ್ದಕ್ಕೂ ಕೊಬ್ಬಿನ ದಿಂಡು ಗಟ್ಟಿಯಾಗಿ ಕುಳಿತಿತ್ತು. ಮೈಕಟ್ಟನ್ನು 1ರಿಂದ 9ರವರೆಗೆ ಗುರುತಿಸುವ ಹೆನ್ನೆಕೆ ಮಾಪಕದಲ್ಲಿ 5 ಇದ್ದರೆ ಹದ. ಪಶುವೈದ್ಯರು ಅವಳಿಗೆ 8 ಕೊಟ್ಟರು. ಎದೆಸುತ್ತಿನಿಂದ ತೂಕ ಅಂದಾಜಿಸುವ ಅಳತೆಪಟ್ಟಿ 480 ಕಿಲೋ ತೋರಿಸಿತು. ಹೀಗೇ ಬಿಟ್ಟರೆ ಗೊರಸಿನ ಉರಿಯೂತ, ಅಂದರೆ ಲ್ಯಾಮಿನೈಟಿಸ್, ಬರುವ ಅಪಾಯ ಹೆಚ್ಚು ಎಂದು ಅವರು ಎಚ್ಚರಿಸಿದರು. ಆ ನೋವಿಗೆ ಕಾಲೂರಲಾರದೆ ನಿಂತ ಕುದುರೆಯನ್ನು ಒಮ್ಮೆ ಕಂಡವಳು ನಾನು. ಅಂದೇ ತೂಕ ಇಳಿಸಲು ಶುರು ಮಾಡಿದೆ.

ಮೊದಲು ಹಿಡಿದದ್ದು ಎಲ್ಲರಿಗೂ ಹೊಳೆಯುವ ದಾರಿ: ಮೇಯುವ ಹೊತ್ತನ್ನೇ ಕಡಿಮೆ ಮಾಡುವುದು. ಹನ್ನೆರಡು ಗಂಟೆ ಮೇಯುತ್ತಿದ್ದವಳನ್ನು ನಾಲ್ಕು ಗಂಟೆಗೆ ಇಳಿಸಿದೆ. ಆರು ವಾರ ಕಳೆದರೂ ಪಟ್ಟಿಯಲ್ಲಿ ಇಳಿದದ್ದು ಬರೀ 5 ಕಿಲೋ. ಏಕೆಂದು ಒಂದು ದಿನ ಬೇಲಿಯ ಬಳಿ ನಿಂತು ನೋಡಿದೆ. ಗೇಟು ತೆರೆದ ಕ್ಷಣದಿಂದ ಅವಳು ತಲೆ ಎತ್ತಲೇ ಇಲ್ಲ. ಹುಲ್ಲು ಹರಿಯುವ ಪರಪರ ಸದ್ದಿಗೆ ಬಿಡುವೇ ಇರಲಿಲ್ಲ. ಹೊತ್ತು ಇಷ್ಟೇ ಎಂದು ಕುದುರೆ ಬೇಗ ಕಲಿಯುತ್ತದೆ. ದಿನದ ಮೇವಿನ ದೊಡ್ಡ ಪಾಲನ್ನು ಮೂರು ನಾಲ್ಕು ಗಂಟೆಯಲ್ಲೇ ಮುಗಿಸಿಬಿಡುತ್ತದೆ. ಅದರ ಹೊಟ್ಟೆಯಲ್ಲಾದರೋ ಆಮ್ಲ ದಿನವಿಡೀ ಒಸರುತ್ತಲೇ ಇರುತ್ತದೆ, ಅದನ್ನು ತಣಿಸುವ ಜೊಲ್ಲು ಬರುವುದು ಮೆಲ್ಲುವಾಗ ಮಾತ್ರ. ಹಾಗಾಗಿ ಬಾಯಿಗೆ ಏನೂ ಇಲ್ಲದ ಉದ್ದನೆಯ ಹೊತ್ತು ಜಠರದ ಹುಣ್ಣಿಗೆ ದಾರಿ. ಚಂದ್ರಿ ಲಾಯದ ಬಾಗಿಲಿನ ಅಂಚನ್ನು ಕಡಿಯತೊಡಗಿದಾಗ ಈ ದಾರಿಯನ್ನು ಬಿಟ್ಟೆ.

ಎರಡನೆಯದು ಬಾಯಿಕುಕ್ಕೆ, ಅಂದರೆ ಮೇಯುವಾಗ ಮೂತಿಗೆ ಕಟ್ಟುವ ಬುಟ್ಟಿ. ಇದು ಕ್ರೂರವೆಂದು ನಾನೇ ಎಷ್ಟೋ ಸಲ ಹೇಳಿದ್ದೆ. ಈಗ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ತಳದ ತೂತಿನಿಂದ ಹುಲ್ಲಿನ ತುದಿಯಷ್ಟೇ ಬಾಯಿಗೆ ಬರುತ್ತದೆ, ನೀರು ಕುಡಿಯಲು ತೊಂದರೆಯಿಲ್ಲ, ಜೊತೆಯ ಕುದುರೆಗಳೊಂದಿಗೆ ದಿನವಿಡೀ ಅಡ್ಡಾಡಬಹುದು. ಮೊದಲ ದಿನ ಅರ್ಧ ಗಂಟೆ ಮುನಿಸಿಕೊಂಡು ನೆಲ ಕೆರೆದಳು. ಆಮೇಲೆ ಎರಡು ಗರಿಕೆಯ ತುದಿ ತೂತಿನಲ್ಲಿ ಇಣುಕುವಂತೆ ನಾನೇ ಕೈಯಿಂದ ಹಿಡಿದೆ. ತುಟಿಯಿಂದ ತಡಕಿ ಎಳೆದುಕೊಂಡಳು, ಉಪಾಯ ತಿಳಿಯಿತು. ಎರಡು ತಿಂಗಳಲ್ಲಿ 22 ಕಿಲೋ ಇಳಿಯಿತು. ಆದರೆ ಇದಕ್ಕೆ ಕಾವಲು ಬೇಕು. ಮೂಗಿನ ಮೇಲೆ ಕುಕ್ಕೆಯ ಪಟ್ಟಿ ಉಜ್ಜಿ ಒಂದು ಕಡೆ ಕೂದಲು ಹೋಯಿತು. ಒಳಗೆ ಮೆತ್ತನೆಯ ಉಣ್ಣೆ ಹೊಲಿದ ಮೇಲೆ ಸರಿಹೋಯಿತು. ಹುಲ್ಲು ತೀರಾ ಗಿಡ್ಡವಾಗಿದ್ದರೆ ಏನೂ ಸಿಗದೆ ಕುದುರೆ ಬೇಸತ್ತುಹೋಗುತ್ತದೆ. ಹತ್ತು ಗಂಟೆಗಿಂತ ಹೆಚ್ಚು ನಾನು ಅದನ್ನು ಹಾಕಿಟ್ಟಿಲ್ಲ.

ಮೂರನೆಯದು, ಹುಲ್ಲಿಲ್ಲದ ಅಂಗಳದಲ್ಲಿ ಬಿಟ್ಟು, ನೆನೆಸಿದ ಒಣಹುಲ್ಲನ್ನು ಸಣ್ಣ ಕಣ್ಣಿನ ಬಲೆಚೀಲದಲ್ಲಿ ಕಟ್ಟುವುದು. ಲೆಕ್ಕ ಸ್ಪಷ್ಟ: ದೇಹತೂಕದ ಶೇಕಡ 1.5ರಷ್ಟು ಮೇವು. ಅವಳಿಗೆ ಅದು ದಿನಕ್ಕೆ ಸುಮಾರು 7 ಕಿಲೋ ಆಯಿತು, ನೆನೆಸುವ ಮೊದಲೇ ತೂಗಿದ್ದು. ನೆನೆಸಿದಾಗ ಹುಲ್ಲಿನ ಸಕ್ಕರೆ ನೀರಿಗಿಳಿಯುತ್ತದೆ. ಬಸಿದ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಜೊತೆಗೆ ಖನಿಜಾಂಶವೂ ಹೋಗುವುದರಿಂದ ಅದನ್ನು ಬೇರೆಯಾಗಿ ಕೊಡಬೇಕು. ಸೆಕೆಯಲ್ಲಿ ಹೆಚ್ಚು ಹೊತ್ತು ನೆನೆದರೆ ಹುಳಿವಾಸನೆ ಬರುತ್ತದೆ. ನಾನು ಒಂದು ಗಂಟೆಗೆ ನಿಲ್ಲಿಸಿದೆ. ತೂಕ ಅತಿ ಬೇಗ ಇಳಿದದ್ದು ಇದರಲ್ಲೇ, ಆರು ವಾರಕ್ಕೆ 20 ಕಿಲೋ. ಆದರೂ ಬೇಲಿಯಾಚೆ ಮೇಯುವ ಗೆಳತಿಯರನ್ನು ನೋಡುತ್ತ ಅವಳು ನಿಂತಲ್ಲೇ ನಿಂತಿರುತ್ತಿದ್ದಳು. ಒದ್ದೆ ಚೀಲ ಎತ್ತಿ ನನ್ನ ಬೆನ್ನೂ ಸೋತಿತು.

ಈ ಶೇಕಡ 1.5ಕ್ಕಿಂತ ಕೆಳಗಿಳಿಯುವ ಆಸೆ ಯಾರಿಗೂ ಬೇಡ, ವೈದ್ಯರು ಹೇಳದ ಹೊರತು. ದಪ್ಪ ಕುದುರೆಯನ್ನು ಉಪವಾಸ ಕೆಡವಿದರೆ ಮೈಯ ಕೊಬ್ಬು ಒಮ್ಮೆಲೇ ರಕ್ತಕ್ಕೆ ನುಗ್ಗಿ ಯಕೃತ್ತು ಕೆಡುತ್ತದೆ. ಪೋನಿ ಮತ್ತು ಕತ್ತೆಗಳಿಗೆ ಈ ಅಪಾಯ ಇನ್ನೂ ಹೆಚ್ಚು.

ನಡಿಗೆ, ಕುಕ್ಕುಲೋಟ ಎಲ್ಲವನ್ನೂ ವಾರಕ್ಕೆ ಐದು ದಿನ ಮಾಡಿಸಿದೆ. ಗೊರಸು ನೋಯದ ಕುದುರೆಗೆ ಅದು ಒಳ್ಳೆಯದೇ. ಆದರೆ ಮೇವು ಹಿಡಿತಕ್ಕೆ ಬರುವ ಮೊದಲು ಬರೀ ಓಡಿಸಿದ್ದರಿಂದ ಅಳತೆಪಟ್ಟಿಯ ಅಂಕಿ ಕದಲಲಿಲ್ಲ.

ಒಂದನ್ನೇ ಆರಿಸಿ ಎಂದರೆ ನಾನು ಬಾಯಿಕುಕ್ಕೆಯನ್ನು ಆರಿಸುತ್ತೇನೆ. ಗೊರಸಿನ ಕಾಯಿಲೆ ಆಗಲೇ ಶುರುವಾಗಿದ್ದರೆ ಮಾತ್ರ ಹಸಿರನ್ನೇ ಬಿಡಿಸಿ ಅಂಗಳ ಮತ್ತು ನೆನೆಸಿದ ಹುಲ್ಲು. ಚಂದ್ರಿಗೆ ಕೊನೆಗೆ ಒಗ್ಗಿದ್ದು ಎರಡರ ಬೆರಕೆ: ಹಗಲು ಕುಕ್ಕೆ ಹಾಕಿ ಮೇವು, ರಾತ್ರಿ ತೂಗಿದ ಒಣಹುಲ್ಲು. 425 ಕಿಲೋಗೆ ಬಂದು ಈಗ ಒಂದೂವರೆ ವರ್ಷ. ಎಳೆಹುಲ್ಲು ಚಿಗುರಿದ ವಾರವೇ ಕುಕ್ಕೆ ಮತ್ತೆ ಮೊಳೆಯಿಂದ ಕೆಳಗಿಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಪಟ್ಟಿಯಿಂದ ಎದೆಸುತ್ತು ಅಳೆದು ಲಾಯದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಹೋದ ಸಲದ್ದು 428. ಅಂದಿನಿಂದ ರಾತ್ರಿಯ ಚೀಲದಲ್ಲಿ ಅರ್ಧ ಕಿಲೋ ಕಡಿಮೆ.