ಬೆನ್ನ ಹಿಂದಿನ ಝಡ್: ಹಳೆಯ ಆಸಿಲೋಸ್ಕೋಪಿನೊಂದಿಗೆ ಮೂರು ವರ್ಷ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 4,500 ರೂಪಾಯಿಗೆ ಕೊಂಡು, ರೈಲಿನಲ್ಲಿ ಮೈಸೂರಿನವರೆಗೂ ತೊಡೆಯ ಮೇಲಿಟ್ಟುಕೊಂಡು ತಂದ ಅನಲಾಗ್ ಸ್ಕೋಪ್ ಇದು; ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಬೆಳಕಿನ ಗೆರೆಯಾಗಿ ತೋರಿಸುವ ಪೆಟ್ಟಿಗೆ. ಚಾನೆಲ್, ಟ್ರಿಗರ್‌ಗಳ ಬಗ್ಗೆ ದೂರಿಲ್ಲ. ನನ್ನ ಜಗಳವೆಲ್ಲ ಹಿಂಬದಿಯ ಝಡ್ ಇನ್‌ಪುಟ್ ಜೊತೆಗೆ, ಅಂದರೆ ಗೆರೆ ಬರೆಯುವ ಕಿರಣದ ಬೆಳಕನ್ನು ಏರಿಸಿ ಇಳಿಸುವ ಸಾಕೆಟ್ ಜೊತೆಗೆ.

ಒಂದು ವೋಲ್ಟೇಜ್ ಕಿರಣವನ್ನು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ ಓಡಿಸುವ ಎಕ್ಸ್-ವೈ ವಿಧಾನದಲ್ಲಿ ಮುಳ್ಳಿನ ಗಡಿಯಾರ ಬರೆಸಬೇಕೆಂದೇ ಇದನ್ನು ಕೊಂಡದ್ದು. ಇಎಸ್‌ಪಿ32 ಎಂಬ ಪುಟ್ಟ ಮೈಕ್ರೋಕಂಟ್ರೋಲರ್‌ನ 25 ಮತ್ತು 26ನೇ ಪಿನ್ನುಗಳ ಡ್ಯಾಕ್‌ಗಳು (ಅಂಕಿಯನ್ನು ವೋಲ್ಟೇಜ್ ಮಾಡುವ ಭಾಗಗಳು) ಕಿರಣವನ್ನು ಓಡಿಸುತ್ತವೆ. ಒಂದು ಅಂಕಿಯಿಂದ ಇನ್ನೊಂದಕ್ಕೆ ಹಾರುವಾಗ ಮಾತ್ರ ಕಿರಣ ಆರಬೇಕು. ಅದಕ್ಕೆ ಝಡ್‌ಗೆ 'ಟಿಟಿಎಲ್ ಮಟ್ಟ ಸಾಕು', ಅಂದರೆ 5 ವೋಲ್ಟಿನ ಹಳೆಯ ಲಾಜಿಕ್ ಚಿಪ್ಪುಗಳ ಸಂಕೇತ ಸಾಕು ಎನ್ನುತ್ತದೆ ಕೈಪಿಡಿ. ಎಲ್ಲಿಯ ಸಾಕು! 3.3 ವೋಲ್ಟ್ ಕೊಟ್ಟರೆ ಗೆರೆ ತುಸು ಮಂಕಾಯಿತು, ಅಷ್ಟೇ. ಹಾರುವ ಗೆರೆಗಳೂ ಕಂಡು ಗಡಿಯಾರದ ತುಂಬ ಜೇಡರ ಬಲೆ. ಬೆಳಕು ತಗ್ಗಿಸಿದರೆ ಬಲೆಯ ಜೊತೆಗೆ ಮುಳ್ಳುಗಳೂ ಮಾಯ. ಎಂಟು ತಿಂಗಳು ಇದನ್ನು ಬೈದುಕೊಂಡೇ ಬಳಸಿದೆ.

ಕೊನೆಗೆ ಕೈಹಿಡಿದದ್ದು ಹಳೆಯ 7406, 1ನ್ನು 0 ಆಗಿ, 0ಯನ್ನು 1 ಆಗಿ ತಿರುಗಿಸುವ ಟಿಟಿಎಲ್ ಚಿಪ್. ಇದರ ಓಪನ್ ಕಲೆಕ್ಟರ್ ಔಟ್‌ಪುಟ್ (ನೆಲಕ್ಕೆ ಮಾತ್ರ ಎಳೆಯಬಲ್ಲದು, ಮೇಲಕ್ಕೆಳೆಯಲು ಹೊರಗಿನ ರೆಸಿಸ್ಟರ್ ಬೇಕು) 30 ವೋಲ್ಟ್‌ವರೆಗೆ ತಾಳುತ್ತದೆ, ಒಳಬದಿಗೆ 3.3 ವೋಲ್ಟ್ ಧಾರಾಳವಾಯಿತು. ಝಡ್ ಎಷ್ಟು ತಡೆಯುತ್ತದೆಂದು ಹಿಂಬದಿಯ ಬರಹ ನೋಡಿಕೊಂಡು, ಔಟ್‌ಪುಟ್ಟನ್ನು 1 ಕಿಲೋಓಮ್ ಮೂಲಕ 15 ವೋಲ್ಟ್‌ಗೆ ಎಳೆದೆ. ನನ್ನ ಸ್ಕೋಪಿನಲ್ಲಿ ಧನ ವೋಲ್ಟೇಜ್ ಬಂದರೆ ಕತ್ತಲು. 7406 ತಿರುಗಿಸಿ ಕೊಡುವುದರಿಂದ ಪ್ರೋಗ್ರಾಮಿನಲ್ಲಿ 1 ಎಂದರೆ ಬೆಳಕು, 0 ಎಂದರೆ ಕತ್ತಲು. ಬಲೆ ಒಂದೇ ಏಟಿಗೆ ಹೋಯಿತು.

ಮರುದಿನವೇ ಇನ್ನೊಂದು ಪಾಠ. ಇಎಸ್‌ಪಿ32 ರೀಸೆಟ್ ಆದಾಗ 7406ಕ್ಕೆ ಸಂಕೇತ ಕೊಡುವ ಪಿನ್ 0 ಅಲ್ಲದೆ, 1 ಅಲ್ಲದೆ ನಡುವೆ ತೂಗುತ್ತದೆ. ಟಿಟಿಎಲ್ ಅದನ್ನು 1 ಎಂದೇ ಎಣಿಸುತ್ತದೆ. ಕಿರಣ ಒಂದೇ ಚುಕ್ಕೆಯಾಗಿ, ಉರಿಯುತ್ತ ನಿಂತುಬಿಟ್ಟಿತು. ಪರದೆ ಸುಟ್ಟೀತೆಂದು ಓಡಿಹೋಗಿ ಸ್ವಿಚ್ ಆರಿಸಿದೆ. ಈಗ 7406ರ ಇನ್‌ಪುಟ್ಟಿನಿಂದ ನೆಲಕ್ಕೆ 330 ಓಮ್ ರೆಸಿಸ್ಟರ್ ಹಾಕಿದ್ದೇನೆ. ಸಿಮಾಸ್ ಎಂಬ ಇನ್ನೊಂದು ಬಗೆಯ ಚಿಪ್ಪುಗಳಿಗೆ ಹಾಕುವಂತೆ 10 ಕಿಲೋಓಮ್ ಹಾಕಿದರೆ ಇಲ್ಲಿ ನಡೆಯದು.

ಅಂದಿನಿಂದ ಇದರ ಮೇಲಿನ ಸಿಟ್ಟು ಇಳಿದಿದೆ. ಸಂಜೆ ದೇವರ ದೀಪ ಹಚ್ಚಿದ ಮೇಲೆ ಸ್ಕೋಪಿನ ಸ್ವಿಚ್ ಒತ್ತುತ್ತೇನೆ. ಬೆಳಕಿನ ಗುಂಡಿ ಪೂರ್ತಿ ಎಡಕ್ಕಿರುತ್ತದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಕಾಫಿ ಬೆರೆಸಿ ತರುತ್ತೇನೆ. ಆಮೇಲೆ ಗುಂಡಿಯನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದರೆ, ಕತ್ತಲಲ್ಲಿ ಹಸಿರು ಮುಳ್ಳುಗಳು ಮೂಡುತ್ತವೆ. ಹೊಸ ಅಗ್ಗದ ಡಿಜಿಟಲ್ ಸ್ಕೋಪುಗಳಲ್ಲಿ ಝಡ್ ಇನ್‌ಪುಟ್ಟೇ ಸಿಗುವುದು ಅಪರೂಪ.

ಆದರೂ ಆ ಸಾಕೆಟ್ಟನ್ನು ಹಿಂದೆ ಇಟ್ಟವನಿಗೆ ಕ್ಷಮೆಯಿಲ್ಲ. ಕೇಬಲ್ ಸಡಿಲವಾದಾಗಲೆಲ್ಲ ಇಡೀ ಪೆಟ್ಟಿಗೆಯನ್ನು ಗೋಡೆಯಿಂದ ಎಳೆಯಬೇಕು. ಮೇಜಿನ ಸನ್ಮೈಕದ ಮೇಲೆ ಅದರ ನಾಲ್ಕು ಕಾಲುಗಳ ಗೀರು ಹಾಗೆಯೇ ಇದೆ.