ಅಲೋಶಿಯಂ ನೋಡಲು ಕಾರಲ್ಲಿ ಹೊರಟವರಿಗೆ: ಬಾವುಟಗುಡ್ಡೆಯ ಪಾರ್ಕಿಂಗ್ ಪಾಡು

ಮಂಗಳೂರಿನ ಅಲೋಶಿಯಂ ಮ್ಯೂಸಿಯಂಗೆ ಐದಕ್ಕೆ ಐದು ಸ್ಟಾರ್. ಪಾರ್ಕಿಂಗಿಗೆ ಒಂದೂವರೆ, ಆ ಅರ್ಧವೂ ನಮ್ಮನ್ನು ಗುಡ್ಡೆ ಹತ್ತಿಸಿದ ರಿಕ್ಷಾದವರಿಗೆ ಸೇರಬೇಕಾದ್ದು.

ನಾವು ಉಡುಪಿಯವರು. ಮೊನ್ನೆ ಶನಿವಾರ ಅತ್ತೆ, ಇಬ್ಬರು ಮಕ್ಕಳು, ನಾನು, ನಮ್ಮವರು, ಹೀಗೆ ಐದು ಜನ ಹೊರಟೆವು. ಸ್ಟೇರಿಂಗ್ ನನ್ನ ಕೈಯಲ್ಲಿ, ಸಲಹೆ ನಮ್ಮವರದ್ದು. ಹೆಜಮಾಡಿ ಟೋಲ್ ದಾಟಿ ಕೊಟ್ಟಾರ ಚೌಕಿಗೆ ಬರಲು ಹೆಚ್ಚುಕಮ್ಮಿ ಒಂದು ಗಂಟೆ. ಅಲ್ಲಿಂದ ಕಾರು ನಿಲ್ಲಿಸಿ ಕೆಳಗಿಳಿಯಲು ಇನ್ನೊಂದು ಗಂಟೆ. ಉತ್ಪ್ರೇಕ್ಷೆ ಅಲ್ಲ ಮಾರಾಯ್ರೆ, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಅಲೋಶಿಯಂ ಇರುವುದು ಬಾವುಟಗುಡ್ಡೆಯಲ್ಲಿ, 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನ ಆವರಣದಲ್ಲಿ. ಊರ ಹೊರಗಿನ ಪಿಲಿಕುಳ ನಿಸರ್ಗಧಾಮದ ಹಾಗೆ ವಿಶಾಲ ಬಯಲು ಅಂತ ಅಂದುಕೊಂಡು ಬರಬೇಡಿ. ಕಾಲೇಜಿನ ಆವರಣ ಮಕ್ಕಳು ಓಡಾಡುವ ಜಾಗ, ಅದನ್ನೇ ನಮ್ಮ ಪಾರ್ಕಿಂಗ್ ಅಂತ ಲೆಕ್ಕ ಹಿಡಿದು ಮನೆಯಿಂದ ಹೊರಡುವುದೂ ಸರಿಯಲ್ಲ. ಹೊರಗಿನ ರಸ್ತೆಯೋ, ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು. ಅದೇ ರಸ್ತೆಗೆ ಮೆಡಿಕಲ್ ಕಾಲೇಜು, ಲೈಬ್ರರಿ, ಟ್ಯಾಗೋರ್ ಪಾರ್ಕ್ ಎಲ್ಲದಕ್ಕೂ ಬರುವ ಜನ. ಜ್ಯೋತಿ ಸರ್ಕಲ್ಲಿನಿಂದ ಹತ್ತಿದೆ, ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ದಾಟಿದೆ, ಜಾಗ ಇಲ್ಲ. ಹಂಪನಕಟ್ಟೆಗೆ ಇಳಿದು, ಸುತ್ತಿ ಬಂದು, ಮತ್ತೆ ಹತ್ತಿದೆ. 1837ರಲ್ಲಿ ಬ್ರಿಟಿಷರ ವಿರುದ್ಧ ಸುಳ್ಯದಿಂದ ದಂಡು ಕಟ್ಟಿಕೊಂಡು ಬಂದ ಈ ಗೌಡರ ಕಡೆಯವರು ಇಲ್ಲಿ ಬಾವುಟ ಹಾರಿಸಿ 13 ದಿನ ಊರನ್ನೇ ಹಿಡಿದಿಟ್ಟುಕೊಂಡಿದ್ದರಂತೆ. ನನಗೆ 13 ನಿಮಿಷ ಒಂದು ಕಾರಿನ ಜಾಗ ಹಿಡಿಯಲು ಆಗಲಿಲ್ಲ.

ಮೂರನೇ ಸುತ್ತಿಗೆ ಸೋತು ಕೆಳಗಿನ ಒಂದು ಕಮರ್ಷಿಯಲ್ ಕಟ್ಟಡದ ಬೇಸ್‌ಮೆಂಟಿಗೆ ಇಳಿಸಿದೆ. ಹೆಸರು ಬೇಡ. ಗೇಟಲ್ಲಿ 'ಫುಲ್' ಅಂತ ಬೋರ್ಡ್, ಆದರೆ ಕೀ ಕೊಟ್ಟು ಹೋಗುವುದಾದರೆ ಜಾಗ ಉಂಟಂತೆ! ಗಂಟೆಗೆ 30 ರೂಪಾಯಿ. ರ‍್ಯಾಂಪ್ ಎಷ್ಟು ಕಡಿದು ಅಂದರೆ ಅತ್ತೆ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೃಷ್ಣ ಕೃಷ್ಣ ಅಂದರು. ಕೀ ಕೊಡಲು ನನಗೆ ಮನಸ್ಸಿರಲಿಲ್ಲ, ಆದರೆ ಹಿಂದೆ ನಾಲ್ಕು ಕಾರು ಹಾರ್ನ್ ಹೊಡೆಯುತ್ತಿರುವಾಗ ಮನಸ್ಸಿನ ಮಾತು ಯಾರು ಕೇಳುತ್ತಾರೆ ಹೇಳಿ. ಕೊಟ್ಟೆ.

ಅಲ್ಲಿಂದ ಎರಡು ರಿಕ್ಷಾ ಮಾಡಿಕೊಂಡು ಮೇಲೆ. ನಮ್ಮ ರಿಕ್ಷಾದವರು ನಗಾಡಿದರು: "ಕೆಳಗೆ ಇಟ್ಟು ಬಂದದ್ದು ಒಳ್ಳೆದಾಯ್ತು ಅಕ್ಕ. ಮೇಲೆ ರಸ್ತೆಯಲ್ಲಿ ಇಟ್ಟವರು ಆಮೇಲೆ ಕಾರು ಹುಡುಕಿಕೊಂಡು ಹೋಗುವುದೂ ನನ್ನ ರಿಕ್ಷಾದಲ್ಲೇ."

ಮ್ಯೂಸಿಯಂ ಬಗ್ಗೆ ಎರಡು ಮಾತಿಲ್ಲ. 1913ರಲ್ಲಿ ಶುರುವಾದದ್ದು. ಫಾದರ್ ಕಿಯಾಪ್ಪಿ ಇಟಲಿಯಿಂದ ತಂದ ಖನಿಜಗಳಿಂದ ಬೆಳೆದ ಸಂಗ್ರಹ. ಮಕ್ಕಳು ಅಲ್ಲಾಡದೆ ನಿಂತದ್ದು ಮಾತ್ರ ಒಂದು ಹಳೆಯ ಕಾರಿನ ಮುಂದೆ. ಫ್ರಾನ್ಸಿನ ಡಿ ಡಿಯೋನ್ ಬೂಟನ್, 1906ರದ್ದು, ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರದ್ದು. ಮಂಗಳೂರಿಗೆ ಬಂದ ಮೊದಲ ಕಾರು ಇದೇ. ಬೆಳಗ್ಗಿನಿಂದ ಪಾರ್ಕಿಂಗ್ ಪುರಾಣವನ್ನೇ ಕೇಳಿದ್ದ ಮಗ, "ಅಮ್ಮಾ, ಇದಕ್ಕೆ ಪಾರ್ಕಿಂಗ್ ಚಾರ್ಜ್ ಎಷ್ಟಾಗಿರಬಹುದು?" ಅಂದ. ನಮ್ಮವರು ಮೊಬೈಲ್ ತೆಗೆದು ಗಂಟೆಗೆ 30ರಂತೆ ಲೆಕ್ಕ ಹಾಕಲು ನಿಂತೇಬಿಟ್ಟರು.

ನನಗೆ ಬೇಜಾರಾದದ್ದು ಹಣಕ್ಕಲ್ಲ. ಪಕ್ಕದ ಚಾಪೆಲ್‌ನಲ್ಲಿ ಅಂತೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಕೂತು ಬರೆದ ಚಿತ್ರಗಳಿವೆ, ಗೋಡೆ, ಛಾವಣಿ ಎಲ್ಲ ಕಡೆ. ಅತ್ತೆ ಬೆಂಚಲ್ಲಿ ಕೂತು ಕುತ್ತಿಗೆ ಎತ್ತಿ ನೋಡುತ್ತಲೇ ಇದ್ದರು. ನಾನು ಮಾತ್ರ ಕೈಗಡಿಯಾರ ನೋಡುತ್ತಿದ್ದೆ. ಇನ್ನೊಂದು ಗಂಟೆ ಶುರುವಾಯ್ತು, ಕೀ ಯಾರ ಕೈಯಲ್ಲಿದೆಯೋ, ಶಾಲೆ ಬಿಡುವ ಹೊತ್ತಾಯ್ತು. ಮಗಳನ್ನು ನಾಣ್ಯಗಳ ಹತ್ತಿರದಿಂದ ಅರ್ಧದಲ್ಲೇ ಎಳೆದುಕೊಂಡು ಬಂದೆ.

ಕೆಳಗೆ ಬಂದರೆ ನಮ್ಮ ಕಾರಿನ ಮುಂದೆ ಇನ್ನೊಂದು ಕಾರು ಅಡ್ಡ. ಅದರ ಕೀ ಇದ್ದ ಹುಡುಗ ಊಟಕ್ಕೆ ಹೋಗಿದ್ದ. ಬೇಸ್‌ಮೆಂಟಿನ ಸೆಖೆಯಲ್ಲಿ 20 ನಿಮಿಷ. ರೇಡಿಯೋ ಸ್ಟೇಷನ್ ಬದಲಾಗಿತ್ತು, ಸೀಟ್ ಹಿಂದಕ್ಕೆ ಹೋಗಿತ್ತು. ಮೂರೂಕಾಲು ಗಂಟೆಗೆ 120 ರೂಪಾಯಿ, ಕೇಳಿದ ಮೇಲೆಯೇ ರಶೀದಿ.

ಕಾರಲ್ಲೇ ಹೋಗುವವರು ಬೆಳಿಗ್ಗೆ ಒಂಬತ್ತರ ಒಳಗೆ ಊರೊಳಗೆ ಸೇರಿಕೊಳ್ಳಿ, ಶಾಲೆ ಬಿಡುವ ಹೊತ್ತಲ್ಲಿ ಗುಡ್ಡೆ ಹತ್ತಬೇಡಿ. ಕೀ ಕೊಡಲೇಬೇಕಾದರೆ ಕಿಲೋಮೀಟರ್ ರೀಡಿಂಗಿನ ಫೋಟೋ ತೆಗೆದಿಟ್ಟುಕೊಳ್ಳಿ. ಇಳಿಜಾರಲ್ಲಿ ಜಾಗ ಸಿಕ್ಕಿದರೆ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ, ಗೇರಲ್ಲೂ ಹಾಕಿಡಿ, ಮಳೆಗಾಲದಲ್ಲಂತೂ ಖಂಡಿತ.

ವಾಪಸ್ ಬರುವಾಗ ಅತ್ತೆ ಹೇಳಿದ್ದು ಇಷ್ಟೇ: "ಎಕ್ಸ್‌ಪ್ರೆಸ್ ಬಸ್ಸಲ್ಲಿ ಬಂದಿದ್ದರೆ ನಿನಗೂ ಒಂದು ನಿದ್ದೆ ಆಗ್ತಿತ್ತಲ್ವಾ?" ಮಗಳ ನಾಣ್ಯ ನೋಡುವುದು ಬಾಕಿ ಇದೆ, ಮುಂದಿನ ತಿಂಗಳು ಬಸ್ಸಲ್ಲೇ ಹೋಗುತ್ತೇವೆ. ಕಾರಿನ ಸೀಟ್ ಮಾತ್ರ ಎಷ್ಟು ಎಳೆದರೂ ಇನ್ನೂ ಮೊದಲಿನ ಹಾಗೆ ಕೂತಿಲ್ಲ.