ಸೇನೆಯ ಹಳೇ ಟ್ರಕ್‌ಗೆ ರೇಡಿಯೊ ಹಾಕಿಸುವ ಮುನ್ನ ಇದನ್ನು ಓದಿ

ಅಮೆರಿಕದ ಸೇನೆ ಬಳಸಿ ಬಿಟ್ಟ ಷೆವರ್ಲೆ ಎಂ1008 ಟ್ರಕ್ ನಿಮ್ಮ ಹತ್ತಿರ ಇದೆಯಾ? ಕೊಳ್ಳುವ ಆಸೆ ಇದೆಯಾ? ಹಾಗಿದ್ದರೆ ಅದರ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಮುಟ್ಟಲು ಸುಮ್ನೆ ಯಾರಿಗೋ ಬಿಡಬೇಡಿ. ನನ್ನ ಟ್ರಕ್‌ಗೆ ಒಂದು ವರ್ಕ್‌ಶಾಪ್‌ನವರು ದೊಡ್ಡ ಆಲ್ಟರ್ನೇಟರ್ ಕೂರಿಸಿ, ಜೊತೆಗೆ ರೇಡಿಯೊ ಲೈನ್ ಎಳೆದುಕೊಟ್ಟರು. ರೇಡಿಯೊ ಸುಟ್ಟಿತು. ವೈರಿಂಗ್ ಕರಗಿತು. ಟ್ರಕ್ಕಿಗೇ ಬೆಂಕಿ ಹತ್ತುವುದು ಸ್ವಲ್ಪದರಲ್ಲಿ ತಪ್ಪಿತು. ಎರಡೂ ಅನಾಹುತಕ್ಕೆ ಕಾರಣ ಒಂದೇ: ಈ ಟ್ರಕ್ಕಿನಲ್ಲಿ ಹಿಂದಿನ ಬ್ಯಾಟರಿಯ ಮೈನಸ್ ಅರ್ತ್ ಅಲ್ಲ, ಅಂದರೆ ಗಾಡಿಯ ಬಾಡಿಗೆ ಸೇರಿಲ್ಲ.

ನಾನಿರುವುದು ಕೊಲೊರಾಡೊದಲ್ಲಿ. ಬೆಟ್ಟದ ದಾರಿಗಳಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದೆ, ಹಾಗಾಗಿ 50 ವ್ಯಾಟ್‌ನ ರೇಡಿಯೊ ಹಾಕಿಸಬೇಕು ಅಂತ ಬಹಳ ದಿನದ ಆಸೆ. ಟ್ರಕ್ 1984ರದ್ದು, 6.2 ಲೀಟರ್ ಡೀಸೆಲ್ ಎಂಜಿನ್. ಸೇನೆ ಇದನ್ನು ಜನರಲ್ ಮೋಟರ್ಸ್‌ನ ಮಾಮೂಲಿ ಪಿಕಪ್‌ ಆಧರಿಸಿಯೇ ಮಾಡಿಸಿಕೊಂಡಿತ್ತು. ತೊಂದರೆ ಶುರುವಾಗುವುದೂ ಅಲ್ಲೇ. ಬಾನೆಟ್ ಎತ್ತಿದ ಮೆಕ್ಯಾನಿಕ್‌ಗೆ ತನಗೆ ಚೆನ್ನಾಗಿ ಗೊತ್ತಿರುವ ಗಾಡಿಯೇ ಕಾಣುತ್ತದೆ. ಕರೆಂಟಿನ ವ್ಯವಸ್ಥೆ ಮಾತ್ರ ಪೂರ್ತಿ ಬೇರೆ.

ಒಳಗೆ 12 ವೋಲ್ಟಿನ ಎರಡು ಬ್ಯಾಟರಿ ಇವೆ. ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿ ಒಟ್ಟು 24 ವೋಲ್ಟ್. ಸ್ಟಾರ್ಟರ್‌ಗೆ 24 ಬೇಕು. ಬೇರೆ ಮಿಲಿಟರಿ ಗಾಡಿಯಿಂದ ಜಂಪ್ ಕೊಡಲು ಮುಂದೆ ಇರುವ ಸಾಕೆಟ್ಟೂ 24ರದ್ದೇ. ಆದರೆ ದೀಪ, ಹಾರ್ನ್, ವೈಪರ್ ಎಲ್ಲ 12 ವೋಲ್ಟಿನವು. ಅವು ಮುಂದಿನ ಬ್ಯಾಟರಿಯಿಂದ ನಡೆಯುತ್ತವೆ. ಅದಕ್ಕೇ ಆಲ್ಟರ್ನೇಟರ್ ಕೂಡ ಎರಡು. ಜೆನ್ 1 ಮುಂದಿನ ಬ್ಯಾಟರಿಯನ್ನು ತುಂಬಿಸುತ್ತದೆ, ಜೆನ್ 2 ಹಿಂದಿನದನ್ನು.

ಮುಂದಿನ ಬ್ಯಾಟರಿ ನೆಲಮಹಡಿ, ಹಿಂದಿನದು ಅದರ ಮೇಲಿನ ಮಹಡಿ ಅಂದುಕೊಳ್ಳಿ. ಹಿಂದಿನ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರ್ ಇಟ್ಟರೆ 12.6 ತೋರಿಸುತ್ತದೆ, ನಿಜ. ಆದರೆ ಅದರ ಮೈನಸ್ಸೇ ಬಾಡಿಗಿಂತ 12 ವೋಲ್ಟ್ ಮೇಲಿದೆ. ಆ ಮೈನಸ್ ಎಂಜಿನ್ನಿಗೋ ಬಾಡಿಗೋ ತಗುಲಿತು ಅಂದರೆ ಮುಂದಿನ ಬ್ಯಾಟರಿಯ ಪ್ಲಸ್ಸನ್ನೇ ಬಾಡಿಗೆ ಒತ್ತಿ ಹಿಡಿದಂತೆ. ನೇರ ಶಾರ್ಟ್. ಇದನ್ನು ತಪ್ಪಿಸಲೆಂದೇ ಸೇನೆಯವರು ಜೆನ್ 2 ಜಾಗಕ್ಕೆ ವಿಶೇಷ ಆಲ್ಟರ್ನೇಟರ್ ಹಾಕಿದ್ದಾರೆ. ಅದರ ಮೈನಸ್ ಅದರ ಮೈಗೆ ಸೇರಿರುವುದಿಲ್ಲ. ಬೇರೆ ಬೋಲ್ಟಿನಿಂದ ಹೊರಬಂದು ಎರಡು ಬ್ಯಾಟರಿಗಳ ನಡುವಿನ ಕೊಂಡಿಗೆ ಹೋಗುತ್ತದೆ.

ನನ್ನ ಟ್ರಕ್ಕಿನ ಜೆನ್ 2 ಕೈಕೊಟ್ಟಿತ್ತು. ವರ್ಕ್‌ಶಾಪ್‌ನವರು ಹಳೆಯದನ್ನು ರಿಪೇರಿ ಮಾಡುವುದು ದಂಡ ಎಂದರು. ರೇಡಿಯೊ ಬೇರೆ ಹಾಕಿಸುತ್ತಿದ್ದೀರಿ, 140 ಆಂಪಿನ ಹೊಸದು ಹಾಕೋಣ ಎಂದರು. ಈ ಮಾತನ್ನು ನಿಮಗೂ ಹೇಳುತ್ತಾರೆ, ನೋಡುತ್ತಿರಿ. 50 ವ್ಯಾಟ್ ರೇಡಿಯೊ ಮಾತಾಡುವಾಗ ಎಳೆಯುವುದು 10ರಿಂದ 15 ಆಂಪ್. ಕೇಳುವಾಗ ಅದೂ ಇಲ್ಲ. ಟ್ರಕ್ಕಿನ ಹಳೇ ಆಲ್ಟರ್ನೇಟರ್‌ಗಳು ಒಂದೊಂದೂ 100 ಆಂಪಿನವು. ಒಂದು ರೇಡಿಯೊಗೋಸ್ಕರ ಅಪ್‌ಗ್ರೇಡ್ ಬೇಕೇ ಇಲ್ಲ.

ಅವರು ಹಾಕಿದ್ದು ಅಂಗಡಿಯಲ್ಲಿ ಸಿಗುವ ಮಾಮೂಲಿ ಆಲ್ಟರ್ನೇಟರ್. ಅದರ ಮೈಯೇ ಮೈನಸ್. ಹಳೆಯದರ ಮೈನಸ್ ಬೋಲ್ಟಿಗೆ ಬರುತ್ತಿದ್ದ ದಪ್ಪ ವೈರಿಗೆ ಜಾಗ ಸಿಗಲಿಲ್ಲ, ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿಬಿಟ್ಟರು. ಪ್ಲಸ್ ಮಾತ್ರ ಹಳೇ ಜಾಗಕ್ಕೇ ಹೋಯಿತು. ಅಲ್ಲಿರುವುದು 25 ವೋಲ್ಟ್. ಆಲ್ಟರ್ನೇಟರಿನ ವೋಲ್ಟ್ ಹತೋಟಿಯಲ್ಲಿಡುವ, 14 ಕಂಡರೆ ಸಾಕು ಎನ್ನುವ ರೆಗ್ಯುಲೇಟರ್‌ಗೆ 25 ಕಂಡರೆ ಏನಾಗುತ್ತದೆ? ಬ್ಯಾಟರಿ ತುಂಬಿದೆ ಅಂತ ಅದು ಸುಮ್ಮನೆ ಕೂರುತ್ತದೆ. ಹಿಂದಿನ ಬ್ಯಾಟರಿಗೆ ಒಂದು ಹನಿ ಚಾರ್ಜೂ ಹೋಗಲಿಲ್ಲ. ಆದರೂ ಟ್ರಕ್ ಸ್ಟಾರ್ಟ್ ಆಯಿತು, ದೀಪ ಉರಿಯಿತು, ಎಲ್ಲ ಸರಿ ಇದೆ ಅನ್ನಿಸಿತು.

ರೇಡಿಯೊಗೆ ಬ್ಯಾಟರಿಯಿಂದ ನೇರ ಲೈನ್ ಎಳೆದಿದ್ದರು, ಪ್ಲಸ್ ಮೈನಸ್ ಎರಡೂ. ಬೇರೆ ಗಾಡಿಗಳಲ್ಲಿ ಇದು ಒಳ್ಳೆಯ ಪದ್ಧತಿಯೇ. ಇಲ್ಲಿ ಅವರು ಆರಿಸಿಕೊಂಡದ್ದು ಹಿಂದಿನ ಬ್ಯಾಟರಿ. ಮೀಟರಿನಲ್ಲಿ 12.6 ಕಂಡಿತಲ್ಲ! ರೇಡಿಯೊ ಪ್ಲಾಸ್ಟಿಕ್ ಕನ್ಸೋಲ್ ಮೇಲೆ ಕೂತಿತ್ತು, ಬಾಡಿಗೆ ತಗುಲಿರಲಿಲ್ಲ. ಹಾಗಾಗಿ ಆನ್ ಆಯಿತು. ಮನೆಗೆ ತಂದು ಆಂಟೆನಾ ಕೇಬಲ್ ತಿರುಗಿಸಿದೆ ನೋಡಿ, ಚಟ್ ಅಂತ ಕಿಡಿ. ಹಿಂದೆಯೇ ಹೊಗೆ. ಆಂಟೆನಾದ ಬುಡ ಬಾಡಿಗೆ ಬಿಗಿದಿರುತ್ತದೆ. ಕೇಬಲ್ಲಿನ ಹೊರ ಜಾಲರಿ ಆ ಬುಡವನ್ನೂ ರೇಡಿಯೊದ ಮೈಯನ್ನೂ ಸೇರಿಸುತ್ತದೆ. ಮುಂದಿನ ಬ್ಯಾಟರಿಯ ಕರೆಂಟೆಲ್ಲ ರೇಡಿಯೊದ ಮೈನಸ್ ವೈರಿನಿಂದ ಬಂದು ಆ ಜಾಲರಿಯಲ್ಲಿ ಹರಿಯಿತು. ಫ್ಯೂಸ್ ಇದ್ದದ್ದು ಪ್ಲಸ್ ವೈರಿನಲ್ಲಿ ಮಾತ್ರ. ಅದು ಹೋಗಲೇ ಇಲ್ಲ.

ಕೆಲವು ದಿನಗಳಲ್ಲಿ ಹಿಂದಿನ ಬ್ಯಾಟರಿ ಸತ್ತು ಟ್ರಕ್ ನಿಂತಿತು. ಎಳೆಸಿಕೊಂಡು ಅದೇ ವರ್ಕ್‌ಶಾಪ್‌ಗೆ ಹೋದೆ. ಅಲ್ಲಿ ಒಬ್ಬರು ಟೇಪ್ ಸುತ್ತಿದ ಆ ವೈರ್ ನೋಡಿ, ಅರ್ತ್ ಬಿಟ್ಟುಹೋಗಿದೆ ಅಂತ ಅದನ್ನು ಆಲ್ಟರ್ನೇಟರ್ ಬ್ರಾಕೆಟ್ಟಿಗೆ ಬಿಗಿದರು. ಬಿಗಿಯುತ್ತಿದ್ದಂತೆ ವೈರ್ ಕೆಂಪಾಯಿತು, ಮೇಲಿನ ರಬ್ಬರ್ ಕರಗಿ ತೊಟ್ಟಿಕ್ಕಿತು. ಇನ್ನೊಬ್ಬರು ಓಡಿಬಂದು ಮುಂದಿನ ಬ್ಯಾಟರಿಯ ಕೇಬಲ್ ಕಿತ್ತೆಸೆದರು. ಅವರಿಗೆ ನಾನು ಋಣಿ. ಹೊಸ ಆಲ್ಟರ್ನೇಟರ್ ದುಡ್ಡು ವಾಪಸ್ ಬಂತು. ರೇಡಿಯೊದ್ದು, ವೈರಿಂಗಿನದ್ದು ಬರಲಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಮೀಟರಿನ ಕಪ್ಪು ಕಡ್ಡಿಯನ್ನು ಎಂಜಿನ್ ಬ್ಲಾಕಿಗೆ ಇಟ್ಟು, ಕೆಂಪನ್ನು ಪ್ರತಿ ಟರ್ಮಿನಲ್‌ಗೂ ಮುಟ್ಟಿಸಿ. ಎಂಜಿನ್ ಆಫ್ ಇದ್ದಾಗ ಮುಂದಿನ ಮೈನಸ್ ಸೊನ್ನೆ, ಮುಂದಿನ ಪ್ಲಸ್ ಮತ್ತು ಹಿಂದಿನ ಮೈನಸ್ ಸುಮಾರು 12.6, ಹಿಂದಿನ ಪ್ಲಸ್ ಸುಮಾರು 25 ಇರಬೇಕು. ಎಂಜಿನ್ ಓಡುವಾಗ 14 ಮತ್ತು 28ರ ಆಸುಪಾಸು. ರೇಡಿಯೊಗೆ ಮುಂದಿನ ಬ್ಯಾಟರಿಯ ಪ್ಲಸ್ ತಗೊಳ್ಳಿ, ಅದರ ಹತ್ತಿರದಲ್ಲೇ ಫ್ಯೂಸ್ ಹಾಕಿ. ಮೈನಸ್ ಕೂಡ ಅದೇ ಬ್ಯಾಟರಿಯದ್ದಿರಲಿ. ಜೆನ್ 2 ಕೆಟ್ಟರೆ ಹಳೆಯದನ್ನೇ ರೀಬಿಲ್ಡ್ ಮಾಡಿಸಿ. ವಾಪಸ್ ಬಂದಾಗ ಮೈನಸ್ ಬೋಲ್ಟಿಗೂ ಮೈಗೂ ನಡುವೆ ಮೀಟರಿನಲ್ಲಿ ಓಮ್ (ಕರೆಂಟಿಗೆ ಇರುವ ತಡೆ) ನೋಡಿ. ಸಂಪರ್ಕ ತೋರಿಸಿದರೆ ಅದನ್ನು ಟ್ರಕ್ಕಿಗೆ ಹಾಕಲೇಬೇಡಿ. ಇಡೀ ಗಾಡಿಯನ್ನು 12 ವೋಲ್ಟಿಗೆ ಬದಲಿಸುವವರೂ ಇದ್ದಾರೆ. ತಪ್ಪಿಲ್ಲ, ಆದರೆ ಆಗ ಸ್ಟಾರ್ಟರ್, ಗ್ಲೋ ಪ್ಲಗ್ (ತಣ್ಣಗಿರುವ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಕಡ್ಡಿ) ವೈರಿಂಗ್ ಎಲ್ಲ ಬದಲಾಗಬೇಕು. ಅರ್ಧಂಬರ್ಧ ಬೇಡ. ಸೇನೆಯ ಕೈಪಿಡಿ ಟಿಎಂ 9-2320-289-20ರಲ್ಲಿ ವೈರಿಂಗ್ ನಕ್ಷೆ ಇದೆ. ಪ್ರಿಂಟ್ ತೆಗೆದು ಮೆಕ್ಯಾನಿಕ್ ಕೈಗೆ ಕೊಡಿ.

ಅಮೆರಿಕದ ಸೇನೆಯದ್ದೇ ಎಂ35ನಂಥ ದೊಡ್ಡ ಟ್ರಕ್, ಹಂವೀ, ನಮ್ಮ ಊರಿನ ಟಾಟಾ, ಲೇಲ್ಯಾಂಡ್ ಲಾರಿ ಇವುಗಳ ಲೆಕ್ಕ ಬೇರೆ. ಅಲ್ಲಿ ಎರಡೂ ಬ್ಯಾಟರಿಗೆ ಸೇರಿ ಒಂದೇ 24 ವೋಲ್ಟ್ ಆಲ್ಟರ್ನೇಟರ್. ಒಂದು ಬ್ಯಾಟರಿಯಿಂದ ಮಾತ್ರ ರೇಡಿಯೊಗೋ ಮ್ಯೂಸಿಕ್ ಸೆಟ್ಟಿಗೋ ಲೈನ್ ಎಳೆದರೆ ಅದು ಬರಿದಾಗುತ್ತಾ ಹೋಗುತ್ತದೆ, ಇನ್ನೊಂದು ಜಾಸ್ತಿ ಚಾರ್ಜ್ ಆಗಿ ನೀರು ಒಣಗುತ್ತದೆ. ಎರಡೂ ಬೇಗ ಸಾಯುತ್ತವೆ. ಅಲ್ಲಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

ಇನ್ನೊಂದು ಮಾತು. ಎಂ1008ರಲ್ಲಿ ಯಾವ ಕೆಲಸಕ್ಕೂ ಮೊದಲು ಮುಂದಿನ ಬ್ಯಾಟರಿಯ ಮೈನಸ್ ಕಳಚಿ. ಹಿಂದಿನದರ ಮೈನಸ್ ತಾನೇ ಅಂತ ಅದಕ್ಕೆ ಮೊದಲು ಸ್ಪ್ಯಾನರ್ ಹಾಕಿದರೆ, ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದ ಕ್ಷಣ ಮುಂದಿನ ಬ್ಯಾಟರಿ ಪೂರ್ತಿ ಶಾರ್ಟ್ ಆಗುತ್ತದೆ. ಕೈಯಲ್ಲಿ ಉಂಗುರ ಇದ್ದರೆ ಅದನ್ನೂ ತೆಗೆದಿಡಿ.